ಮೂರು ತಾಲ್ಲೂಕಿಗೆ ಒಂದೇ ಐಡಿ

ಬೆಳಿಗ್ಗೆ ಸ್ನಾನ ಮುಗಿಸಿ ಪೂಜೆಗೆ ಕೂತಾಗ ಶಾಂಭವಿ ಎಡಗೈಯನ್ನು ಎದೆಮಟ್ಟಕ್ಕೆ ಎತ್ತಿ ಅದರ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಸೆರಗಿನ ಒಳಗೆ ಅಂಗೈ ಬರಿದಾಗಿತ್ತು. ಆ ಬರಿ ಅಂಗೈಗೇ ವಿಭೂತಿ ಹಚ್ಚುತ್ತಿದ್ದಳು, ಬರಿ ಅಂಗೈಗೇ ನೀರು ಬಿಟ್ಟು ಪತ್ರಿ ಏರಿಸುತ್ತಿದ್ದಳು. ಪಕ್ಕದಲ್ಲಿ ಅತ್ತೆ ಗುರುಬಾಯಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಆ ಕಣ್ಣು ತೆರೆಯುವುದರೊಳಗೆ ಎಲ್ಲ ಮುಗಿಸಿ, ಲಿಂಗವಿಲ್ಲದ ಕರಡಿಗೆಯ ಮುಚ್ಚಳ ಹಾಕಿ, ಶಿವದಾರವನ್ನು ಕೊರಳಿಗೆ ಇಳಿಸಿಕೊಂಡುಬಿಡಬೇಕಿತ್ತು. ಬೆಳ್ಳಿಯ ಆ ಪುಟ್ಟ ಕರಡಿಗೆ ತೀರ ಹಗುರಾಗಿ ಎದೆಯ ಮೇಲೆ ಕುಣಿಯದಿರಲಿ ಎಂದು ಅದರೊಳಗೆ ಒಂದು ಹುಣಸೆ ಬೀಜ ಹಾಕಿ, ಸುತ್ತ ಹತ್ತಿ ತುರುಕಿದ್ದಳು.

ಲಿಂಗ ಎಲ್ಲಿ ಬಿತ್ತೋ ಅವಳಿಗೆ ಗೊತ್ತಿರಲಿಲ್ಲ. ಆಳಂದದ ಚಿಕ್ಕಮ್ಮನ ಮನೆಗೆ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದಳು. ಅಲ್ಲಿ ಪೂಜೆ ಮಾಡಿಕೊಂಡದ್ದು ನೆನಪಿತ್ತು. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕಿಣ್ಣಿ ಸುಲ್ತಾನದಲ್ಲಿ ಹತ್ತಿದ ಹೆಂಗಸೊಬ್ಬಳು ತನ್ನ ಮೂಟೆಯನ್ನು ಇವಳ ಎದೆಗೇ ಒತ್ತಿಕೊಂಡು ನಿಂತಿದ್ದಳು. ಅಫಜಲಪುರದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಕರಜಗಿಗೆ ಬಂದು ಸೇರಿ, ಕೈಕಾಲು ತೊಳೆಯುವಾಗ ನೋಡಿದರೆ ಕರಡಿಗೆಯ ಮುಚ್ಚಳ ತೆರೆದು ನೇತಾಡುತ್ತಿತ್ತು.

ಹುಟ್ಟಿದ ಕೂಸಿಗೆ ಕಟ್ಟುವ ಲಿಂಗ, ಮಣ್ಣಿಗಿಡುವಾಗಲೂ ಜೊತೆಗೇ ಹೋಗುವಂಥದ್ದು. ಅದನ್ನು ಬಸ್ಸಿನಲ್ಲಿ ಬೀಳಿಸಿಕೊಂಡು ಬಂದೆ ಎಂದು ಯಾರಿಗೆ ಹೇಳುವುದು? ಗಂಡ ಅಮರನಾಥನಿಗೆ ಹೇಳಬಹುದಿತ್ತು. ಆದರೆ ಅಮರನಾಥನಿಗೆ ಹೇಳಿದ್ದು ಅವನ ಅವ್ವನ ಕಿವಿಗೆ ಮುಟ್ಟಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕಿತ್ತು. ಅತ್ತೆಯ ಮಾತಂತೂ ಶಾಂಭವಿಯ ಕಿವಿಯಲ್ಲಿ ಇನ್ನೂ ಹಸಿಯಾಗಿತ್ತು. ಗೊಬ್ಬೂರಿನ ಬೀಗರ ಮನೆಯಲ್ಲಿ ಯಾರೋ ಹೆಣ್ಣುಮಗಳು ಹೀಗೆಯೇ ಲಿಂಗ ಕಳೆದುಕೊಂಡ ಸುದ್ದಿ ಬಂದಾಗ ಗುರುಬಾಯಿ ಹತ್ತು ಜನರ ನಡುವೆ ಅಂದಿದ್ದಳು: "ಮೈಮ್ಯಾಲಿನ ಲಿಂಗ ಹೋಗಿದ್ದು ತಿಳೀಲಿಲ್ಲ ಅಂದ್ರ ಆಕಿ ಜೀವಂತ ಅದಾಳೋ ಇಲ್ಲೋ?"

ಶ್ರಾವಣದ ಸೋಮವಾರ ಹತ್ತಿರ ಬರುತ್ತಿತ್ತು. ಆ ದಿನ ಊರಿನ ಗುರುಶಾಂತಯ್ಯನವರು ಮನೆಗೆ ಬರುತ್ತಾರೆ. ಮನೆಮಂದಿಯೆಲ್ಲ ಸಾಲಾಗಿ ಕೂತು ಅಂಗೈ ಮುಂದೆ ಮಾಡಬೇಕು. ಅಯ್ಯನವರು ತಾವೇ ಒಬ್ಬೊಬ್ಬರ ಲಿಂಗದ ಮೇಲೆ ನೀರು ಬಿಟ್ಟು ಮುಂದೆ ಸರಿಯುತ್ತಾರೆ. ಅವತ್ತು ಸೆರಗು ಕೆಲಸಕ್ಕೆ ಬರುವುದಿಲ್ಲ.

ಕೇಳಲು ಉಳಿದದ್ದು ಫೋನೊಂದೇ. ಅಡುಗೆಮನೆಯ ಬಾಗಿಲು ಅರ್ಧ ಎಳೆದುಕೊಂಡು ಅವಳು ಒಂದೊಂದೇ ಅಕ್ಷರ ಒತ್ತಿದಳು: ಇಷ್ಟಲಿಂಗ ಕಳೆದುಹೋದರೆ ಏನು ಮಾಡಬೇಕು. ಫೋನು ಅವಳಿಗೆ ಸ್ಫಟಿಕ ಲಿಂಗ ಮಾರುವ ಅಂಗಡಿಯೊಂದನ್ನು ತೋರಿಸಿತು. ಎರಡು ಕೊಂಡರೆ ವಿಭೂತಿ ಗಟ್ಟಿ ಬಿಟ್ಟಿ. ಅದರ ಕೆಳಗೆ ಯಾರದೋ ಉದ್ದನೆಯ ಪ್ರವಚನ, ಪ್ರವಚನದ ಕೆಳಗೆ ಜನರ ಜಗಳ. ಅವಳು ಕೇಳಿದ್ದಕ್ಕೆ ಉತ್ತರ ಮಾತ್ರ ಎಲ್ಲೂ ಇರಲಿಲ್ಲ.

ಆ ಫೋನು ಅಫಜಲಪುರ ಬಸ್ ನಿಲ್ದಾಣದ ಎದುರಿನ ಗೌಸಮೊಹಿದ್ದೀನನ ಅಂಗಡಿಯದು. ಒಂದು ಹಬ್ಬದಲ್ಲಿ ಅವನು ಒಂದೇ ಮಾಡೆಲ್ಲಿನ ಫೋನುಗಳನ್ನು ಪೆಟ್ಟಿಗೆಗಟ್ಟಲೆ ತರಿಸಿ ಅಗ್ಗಕ್ಕೆ ಬಿಟ್ಟಿದ್ದ. ಅತ್ತೆಗೊಂದು, ನಾದಿನಿ ಸಪ್ನಾಳಿಗೊಂದು, ಇವಳಿಗೊಂದು ಎಂದು ಮನೆಗೆ ಮೂರು ಬಂದಿದ್ದವು. ಅವತ್ತು ಅವನು "ಐಡಿ ಅದ ಏನ್ರಿ?" ಎಂದು ಕೇಳಿದ್ದ. "ಐಡಿ ಅಂದ್ರ?" ಎಂದು ಗುರುಬಾಯಿ ಮರುಪ್ರಶ್ನೆ ಹಾಕಿದ್ದಳು. "ಆಯ್ತು ಬಿಡ್ರಿ, ನಾನ ಹಾಕಿ ಕೊಡ್ತೇನಿ" ಎಂದು ಅವನೇ ಏನೋ ಒತ್ತಿ ಕೊಟ್ಟಿದ್ದ. ಅಂದಿನಿಂದ ಶಾಂಭವಿ ಹುಡುಕಲು ಹೋದಾಗಲೆಲ್ಲ ಅವಳು ಎಂದೂ ಕೇಳದ ಪ್ರಶ್ನೆಗಳು ಕೆಳಗೆ ಸಾಲುಗಟ್ಟಿ ನಿಲ್ಲುತ್ತಿದ್ದವು. ದುಬೈ ಲಾರಿ ಡ್ರೈವರ್ ಪಗಾರ ಎಷ್ಟು. ಎಮ್ಮೆ ಒದೆಯುವುದು ಬಿಡಿಸುವ ಉಪಾಯ. ಟಿವಿಯಲ್ಲಿ ಜಾಹೀರಾತು ಬರುವ ಹಾಗೆ ಇವೂ ಬರುತ್ತವೆ ಎಂದು ಅವಳು ಸುಮ್ಮನಿದ್ದಳು.

ಗುರುಬಾಯಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಫೋನಿನ ಮೈಕು ಒತ್ತಿ ಬಾಯಲ್ಲೇ ಕೇಳುತ್ತಿದ್ದಳು, ಅದೂ ಎದುರಿಗೆ ಯಾರೋ ಕೂತಿರುವ ಹಾಗೆ. "ಏ ನಮ್ಮಪ್ಪ, ಇವತ್ತ ಕಲಬುರಗ್ಯಾಗ ತೊಗರಿ ಹೆಂಗ ಅದ?" ಎಂದು ಶುರುಮಾಡಿ, ದರ ಬಂದ ಮೇಲೆ ಮತ್ತೆ ಮೈಕು ಒತ್ತಿ "ಆಯ್ತಪ, ಉಂಡು ಮಕ್ಕೋ" ಎಂದು ಅದಕ್ಕೂ ಉಂಡು ಮಲಗಲು ಹೇಳಿ ಮುಗಿಸುತ್ತಿದ್ದಳು. ಬೀಗರಿಗೆ ಫೋನು ಮಾಡಲಿ, ಬ್ಯಾಂಕಿನವರೇ ಫೋನು ಮಾಡಲಿ, ಅವಳ ಮಾತು ನಿಲ್ಲುತ್ತಿದ್ದದ್ದು ಉಂಡು ಮಕ್ಕೋ ಎಂಬಲ್ಲೇ.

ಮರುದಿನ ಮಧ್ಯಾಹ್ನ ಶಾಂಭವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಅವ್ವ-ಮಗಳು ಊಟಕ್ಕೆ ಕೂತಿದ್ದರು. ಸಪ್ನಾ ಅಫಜಲಪುರದ ಕಾಲೇಜಿನಿಂದ ಆಗತಾನೇ ಬಂದಿದ್ದಳು. ಬಲಗೈಯಲ್ಲಿ ಪುಂಡಿ ಪಲ್ಯ, ಎಡಗೈಯಲ್ಲಿ ಫೋನು.

"ಯವ್ವಾ, ಇದು ಕೇಳು. ಗಂಡ ಗೊರಕಿ ಹೊಡದ್ರ ಡೈವೋರ್ಸ್ ಸಿಗ್ತದೇನು ಅಂತ!"

"ಯಾರು ಕೇಳಾಕತ್ತಾರ ಬೇ?"

"ಯಾರೋ ಏನೋ. ಗೌಸ್ ಭಾಯಿ ಎಲ್ಲಾ ಫೋನಿಗೂ ಒಂದ ಐಡಿ ಹಾಕಿ ಮಾರ್ಯಾನಂತ. ಒಬ್ಬರು ಹುಡುಕಿದ್ದು ಎಲ್ಲಾರಿಗೂ ಕಾಣ್ತದ. ನಮ್ ಕ್ಲಾಸಿನ ಮಿನಾಜಂದೂ ಅದೇ ಅಂಗಡಿ ಫೋನು, ಆಕಿ ಇವತ್ತ ತೋರಿಸಿದ್ಲು. ನೀ ತೊಗರಿ ದರ ಕೇಳಿದ್ದನ್ನ ಓದಿ ಓದಿ ನಕ್ಕಾಳ."

ಶಾಂಭವಿಯ ಕೈ ಹಿಟ್ಟಿನ ಮೇಲೆ ನಿಂತಿತು.

"ಹಂಗಾರ ನಾ ಮಾತಾಡಿದ್ದೆಲ್ಲಾ ಮಂದಿಗೆ ಕೇಳ್ತದೇನು?" ಎಂದಳು ಗುರುಬಾಯಿ.

"ಕೇಳಂಗಿಲ್ಲ, ಅಕ್ಷರ ಆಗಿ ಕಾಣ್ತದ. ತಡಿ, ಇದು ನೋಡು, ಹೊಸಾದು ಬಂದದ." ಸಪ್ನಾ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡು, ಶಾಲೆಯ ಪಾಠದ ಹಾಗೆ ಗಟ್ಟಿಯಾಗಿ ಓದಿದಳು. "ಇಷ್ಟಲಿಂಗ ಕಳೆದುಹೋದರೆ ಏನು ಮಾಡಬೇಕು."

ಗುರುಬಾಯಿ ಅಗಿಯುವುದನ್ನು ನಿಲ್ಲಿಸಿದಳು. "ಯಾವ ಊರಾಕಿ?"

"ಊರು ಬರಂಗಿಲ್ಲ ಯವ್ವಾ. ಅಫಜಲಪುರದಾಕಿ ಇರಬಹುದು, ಆಳಂದದಾಕಿ ಇರಬಹುದು, ಜೇವರ್ಗಿಯಾಕಿ ಇರಬಹುದು. ಆಕೀನ ಯಾಕ, ಗಂಡಸೂ ಇರಬಹುದಲ್ಲ?"

"ಗಂಡಸಾಗಿದ್ರ ಇಷ್ಟೊತ್ತಿಗೆ ಏನರ ಸುಳ್ಳು ಹೇಳಿ ಇನ್ನೊಂದು ಕಟ್ಟಿಸ್ಕೊಂಡಿರ್ತಿದ್ದ. ಹಿಂಗ ಕೇಳ್ಕೊಂತ ಕೂಡಂಗಿಲ್ಲ. ಹೆಣ್ಣ ಅದ." ಗುರುಬಾಯಿ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಳಿಸಿದಳು. "ಶಾಂಭವಿ, ಹಂಚಿನ ಕಡಿ ನೋಡು, ರೊಟ್ಟಿ ಹತ್ತಾಕತ್ತದ."

ರೊಟ್ಟಿ ಆಗಲೇ ಕರ್ರಗಾಗಿತ್ತು. ಶಾಂಭವಿ ಅದನ್ನು ತೆಗೆದು ಪಕ್ಕಕ್ಕೆ ಹಾಕುವಷ್ಟರಲ್ಲಿ ಅತ್ತೆ ಉಣ್ಣುವುದನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದಳು. ಕೈ ತೊಳೆದುಕೊಂಡವಳು ಫೋನು ತೆಗೆದುಕೊಂಡು ಹಿತ್ತಲ ಕಡೆ ನಡೆದಳು. ದನದ ಕೊಟ್ಟಿಗೆಯ ಆಚೆಯಿಂದ ಅವಳ ದನಿ ಗೊಣಗೊಣ ಕೇಳಿಸಿತು, ಮಾತು ತಿಳಿಯಲಿಲ್ಲ. ಅಯ್ಯನವರಿಗೇ ಫೋನು ಹಚ್ಚಿದ್ದಾಳೆ ಎಂದುಕೊಂಡಳು ಶಾಂಭವಿ. ಸೋಮವಾರ ಎಲ್ಲರ ಲಿಂಗ ನೋಡಿಯೇ ನೀರು ಬಿಡಿ ಎಂದು ಹೇಳುತ್ತಿದ್ದಾಳೆ. ಆ ದಿನವೆಲ್ಲ ಅವಳ ಬೆರಳು ಹತ್ತು ಸಲ ಕರಡಿಗೆಯ ಮುಚ್ಚಳಕ್ಕೆ ಹೋಯಿತು. ಫೋನು ಮುಟ್ಟಲಂತೂ ಧೈರ್ಯವಾಗಲಿಲ್ಲ. ಮುಟ್ಟಿದರೆ ಅದು ಇನ್ನೇನು ಊರಿಗೆ ಸಾರಿಬಿಡುತ್ತದೋ.

ಮಾರನೆಯ ಬೆಳಿಗ್ಗೆ ಫೋನಿನ ಗಾಜು ಸೀಳಿದೆ ಎಂದು ನೆಪ ಹೇಳಿ ಅಫಜಲಪುರದ ಬಸ್ಸು ಹತ್ತಿದಳು. ಆ ಸಾಲನ್ನು ಅಳಿಸಿಬಿಡಬೇಕು. ಅದು ಬಂದದ್ದು ಯಾವ ಫೋನಿನಿಂದ ಎಂದು ಗೌಸಮೊಹಿದ್ದೀನನಿಗೆ ತಿಳಿದಿದ್ದರೆ ಅವನ ಕಾಲಾದರೂ ಹಿಡಿಯಬೇಕು.

ಗೌಸಮೊಹಿದ್ದೀನ ಗಲ್ಲೆಯ ಹಿಂದೆ ಕೂತು ಚಹಾ ಕುಡಿಯುತ್ತಿದ್ದ. ಐವತ್ತರ ಆಸುಪಾಸಿನ ದಪ್ಪ ಆಳು, ತಲೆಗೆ ಬಿಳಿ ಟೋಪಿ. ಶಾಂಭವಿಯ ಕೈಯಲ್ಲಿದ್ದ ಫೋನು ನೋಡಿದ್ದೇ ನಕ್ಕ.

"ಬಾ ತಂಗಿ, ಬಾ. ನೀನೂ ಐಡಿ ಸಲುವಾಗಿ ಬಂದಿ ಹೌದಿಲ್ಲ? ಮುಂಜಾನಿಂದ ಇದ ನಡದದ. ಒಬ್ಬಾಂವ ಬಂದು ಅಳ್ತಾನ, ಒಬ್ಬಾಕಿ ಬಂದು ಬೈತಾಳ. ಗಲತಿ ನಂದು, ಕಬೂಲ್. ಒಂದೊಂದು ಫೋನಿಗೆ ಒಂದೊಂದು ಐಡಿ ಮಾಡ್ಕೊಂತ ಕುಂತ್ರ ಹಬ್ಬ ಮುಗೀತಿತ್ತು, ಗಿರಾಕಿ ಸಾಲು ಮುಗೀತಿರಲಿಲ್ಲ. ಅಂಗಡಿ ಐಡಿನ ಹಾಕಿ ಕೊಟ್ಟೆ."

"ಎಷ್ಟು ಮಂದಿಗೆ ಕೊಟ್ಟೀರಿ ಭಾಯಿ?"

"ಅದನ್ನ ಕೇಳಬ್ಯಾಡ. ಈ ಕಡಿ ಆಳಂದ, ಆ ಕಡಿ ಜೇವರ್ಗಿ. ಮೂರು ತಾಲ್ಲೂಕಿನ ಮಂದಿ ಒಯ್ದಾರ." ಅವನು ಚಹಾದ ಲೋಟ ಬದಿಗಿಟ್ಟು ಕಂಪ್ಯೂಟರಿನ ಕಡೆ ಕೈ ಮಾಡಿದ. "ಹುಡುಕೋ ಕಂಪನಿಯವರು ತಿಂಗಳಾ ತಿಂಗಳಾ ನನಗೊಂದು ಹಿಸಾಬ್ ಕಳಸ್ತಾರ. ನೀವು ಇದನ್ನ ಭಾಳ ಹುಡುಕಿದ್ರಿ, ನಿಮಗ ಇದು ಸೇರ್ತದ ಅಂತ. ಅವರ ಲೆಕ್ಕದಾಗ ನಾವೆಲ್ಲಾ ಕೂಡಿ ಒಬ್ಬನ ಮನಷ್ಯಾ. ಆ ಮನಷ್ಯಾಗ ಈಗ ಆರು ತಿಂಗಳ ಬಸರು. ಹಂಗಿದ್ರೂ ದುಬೈಗೆ ಲಾರಿ ಹೊಡ್ಯಾಕ ಹೊಂಟಾನ. ಅವನ ಎಮ್ಮಿ ಒದೀತದ, ಗಂಡ ಗೊರಕಿ ಹೊಡೀತಾನ, ಪಿಯುಸಿ ರಿಜಲ್ಟ್ ಇನ್ನಾ ಬಂದಿಲ್ಲ. ಹ್ವಾದ ತಿಂಗಳು ಹಜ್‌ಗೂ ಹೋಗಾಂವ ಇದ್ದ, ಶ್ರೀಶೈಲಕ್ಕೂ ಹೋಗಾಂವ ಇದ್ದ. ಪಾಪ, ಅವನಿಗೆ ಏನು ಮಾರಬೇಕಂತ ಕಂಪನಿಗೆ ತಿಳೀವಲ್ದು. ಒಮ್ಮಿ ಕೂಸಿನ ಪೌಡರ್ ತೋರಸ್ತದ, ಒಮ್ಮಿ ಲಾರಿ ಟಾಯರ್ ತೋರಸ್ತದ."

ಶಾಂಭವಿಗೆ ನಗು ಬಂದುಬಿಟ್ಟಿತು. ಆಳಂದದಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತಿರುವಾಗಲೇ ಕೈ ಮತ್ತೆ ಕರಡಿಗೆಗೆ ಹೋಯಿತು.

"ಯಾರು ಏನು ಹುಡುಕ್ಯಾರ ಅಂತ ನಿಮಗ ತಿಳೀತದೇನ್ರಿ?"

ಗೌಸಮೊಹಿದ್ದೀನ ಒಂದು ಕ್ಷಣ ಅವಳ ಮುಖ ನೋಡಿದ. ನಗು ಇಳಿಸಿದ.

"ಎಲ್ಲಾ ಒಂದ ಮಾಡೆಲ್ ತಂಗಿ, ಎಲ್ಲಾಕ್ಕೂ ಒಂದ ಹೆಸರು. ಕಂಪನಿಯವರ ಹೊಟ್ಟ್ಯಾಗ ಏನು ಅದನೋ ಅವರಿಗೇ ಗೊತ್ತು, ನನ್ನ ಪರದೆ ಮ್ಯಾಲ ಅಂತೂ ತಿಳ್ಯಂಗಿಲ್ಲ. ಇದರಾಗ ನನಗ ಖಾತ್ರಿ ಇರೋದು ಒಂದ." ಅವನು ಟೋಪಿ ಎತ್ತಿದ. ಒಳಗೆ ತಲೆ ಬೋಳು ಬೋಳಾಗಿ ಹೊಳೆಯಿತು. "ಕೂದಲಾ ಬೆಳಸೋ ಎಣ್ಣಿ ಅಂತ ಅದ ನೋಡು, ಅದು ನಂದು."

"ನಂದೂ ಒಂದು ಅಳಸಬೇಕಿತ್ರಿ."

"ಯಾವದು ಅಂತ ನನಗ ಹೇಳಬ್ಯಾಡ ಮತ್ತ. ನನಗ ಹೇಳಿದ ಮ್ಯಾಲ ಅಳಿಸಿ ಏನು ಬಂತು? ಅದರ ಮ್ಯಾಲ ಬಟ್ಟು ಒತ್ತಿ ಹಿಡಿ, ಅಳಸಲೇನು ಅಂತ ಕೇಳ್ತದ, ಹೂಂ ಅನ್ನು. ಖತಂ." ಅವನು ಸ್ಟೂಲು ತಿರುಗಿಸಿ, ಅವಳಿಗೆ ಬೆನ್ನು ಮಾಡಿ, ಗೋಡೆಗೆ ತೂಗಿದ್ದ ಚಾರ್ಜರುಗಳನ್ನು ಸುಮ್ಮಸುಮ್ಮನೆ ಸರಿಪಡಿಸತೊಡಗಿದ.

ಶಾಂಭವಿ ಫೋನು ತೆರೆದಳು. ಹುಡುಕುವ ಜಾಗವನ್ನು ಮುಟ್ಟಿದಳು. ಅವಳ ಪ್ರಶ್ನೆ ಅಲ್ಲೇ ಇತ್ತು. ಆದರೆ ಅದರ ಮೇಲೆ ಇನ್ನೊಂದು ಬಂದು ಕೂತಿತ್ತು. ಚುಕ್ಕೆಯಿಲ್ಲ, ನಿಲುಗಡೆಯಿಲ್ಲ, ಒಂದೇ ಉಸಿರಿನಲ್ಲಿ ಆಡಿದ ಮಾತು. ಪರದೆಯ ಮೇಲೆ ತುದಿ ಮಾತ್ರ ಕಾಣುತ್ತಿತ್ತು. ಅವಳು ಅದನ್ನು ಮುಟ್ಟಿದಳು. ಪೂರ್ತಿ ತೆರೆದುಕೊಂಡಿತು.

ಏ ನಮ್ಮವ್ವ ಲಿಂಗ ಕಳಕೊಂಡಾಕಿ ಎಲ್ಲಿ ಅದಿಬೇ ಹೆದರಬ್ಯಾಡ ಹೊಳಿ ಕಡಿ ಗಿಳಿ ಕಡಿ ಹೋಗಬ್ಯಾಡ ಲಿಂಗ ಇನ್ನೊಂದು ಬರ್ತದ ಜೀವ ಇನ್ನೊಂದು ಬರಂಗಿಲ್ಲ ನಿಮ್ಮ ಊರ ಅಯ್ಯಗೋಳ ಕಡಿ ಹೋಗು ಹಿಂಗ ಆಯ್ತು ಅಂತ ಹೇಳು ಬ್ಯಾರೆ ಕಟ್ತಾರ ಯಾರರ ಏನರ ಅಂದ್ರ ಅವರನ್ನ ನನ್ನ ಕಡಿ ಕಳಸು ಉಂಡು ಮಕ್ಕೋ

ಯಾರ ಕಡೆ ಕಳಿಸಬೇಕು ಎಂಬುದು ಎಲ್ಲೂ ಇರಲಿಲ್ಲ. ಶಾಂಭವಿಗೆ ಅದು ಬೇಕಾಗಿಯೂ ಇರಲಿಲ್ಲ. ಕೊಟ್ಟಿಗೆಯ ಆಚೆಯಿಂದ ಗೊಣಗೊಣ ಕೇಳಿಸಿದ್ದು ಈಗ ಒಂದೊಂದು ಮಾತೂ ಬಿಡಿಸಿ ಕೇಳಿಸುತ್ತಿತ್ತು. ಅರ್ಧ ರೊಟ್ಟಿ ತಾಟಿಗೆ ಇಳಿಸಿ ಎದ್ದುಹೋದವಳು ಹೋದದ್ದು ಇದಕ್ಕೆ. ಶಾಂಭವಿ ಗಲ್ಲೆ ಹಿಡಿದು ನಿಂತಳು. ಮೈಯೆಲ್ಲ ಹತ್ತಿಯಷ್ಟು ಹಗುರ ಅನ್ನಿಸಿತು.

"ಅಳಸಿದೇನು?" ಗೌಸಮೊಹಿದ್ದೀನ ಬೆನ್ನು ತಿರುಗಿಸಿಕೊಂಡೇ ಕೇಳಿದ.

"ಇಲ್ರಿ ಭಾಯಿ. ಇರಲಿ."

"ಇರಲಿ ಬಿಡು. ಮುಂದಿನ ವಾರ ಎಲ್ಲಾರಿಗೂ ಬ್ಯಾರೆ ಬ್ಯಾರೆ ಐಡಿ ಮಾಡಿ ಕೊಡ್ತೇನಿ, ಫೋನ್ ತಗೊಂಡು ಬರ್ರಿ. ಅಲ್ಲೀತನ ನಾವೆಲ್ಲಾ ಒಬ್ಬನ ಮನಷ್ಯಾ."

ಊರಿಗೆ ಬಂದಾಗ ಗುರುಬಾಯಿ ಹಿತ್ತಲ ಕಟ್ಟೆಯ ಮೇಲೆ ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಶಾಂಭವಿ ಚಪ್ಪಲಿ ಬಿಟ್ಟವಳು ನೇರ ಅಲ್ಲಿಗೇ ಹೋಗಿ ನಿಂತಳು. ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ.

"ಅತ್ತಿ, ಆಕಿ ನಾನರಿ."

"ಯಾವಾಕಿ?"

"ನೀವು ಹೆದರಬ್ಯಾಡ, ಉಂಡು ಮಕ್ಕೋ ಅಂದ್ರಲ್ಲ. ಆಕಿ."

ಗುರುಬಾಯಿಯ ಕೈ ಸೊಪ್ಪಿನಲ್ಲೇ ನಿಂತಿತು. ಅವಳು ಸೊಸೆಯ ಮುಖ ನೋಡಲಿಲ್ಲ, ಕೊರಳಿನಲ್ಲಿ ತೂಗುತ್ತಿದ್ದ ಕರಡಿಗೆ ನೋಡಿದಳು. "ತೆಗಿ" ಎಂದಳು.

ಶಾಂಭವಿ ಮುಚ್ಚಳ ತೆಗೆದಳು. ಹತ್ತಿಯ ನಡುವೆ ಹುಣಸೆ ಬೀಜ ಕಪ್ಪಗೆ, ನುಣ್ಣಗೆ ಕೂತಿತ್ತು. ಗುರುಬಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಅವಳ ಭುಜ ಅಲುಗತೊಡಗಿತು. ಅತ್ತೆ ಅಳುತ್ತಿದ್ದಾಳೆ ಎಂದುಕೊಂಡಳು ಶಾಂಭವಿ. ಆದರೆ ಗುರುಬಾಯಿ ನಗುತ್ತಿದ್ದಳು.

"ದಿನಾ ಮುಂಜಾನಿ ಈ ಹುಣಸಿ ಬೀಜಕ್ಕ ಪತ್ರಿ ಏರಸಾಕತ್ತಿದ್ದೇನ ಬೇ?"

"ಇಲ್ರಿ. ಬರೇ ಅಂಗೈಗೆ."

ನಗು ನಿಂತಿತು. ಗುರುಬಾಯಿ ಸೊಸೆಯ ಅಂಗೈ ಎಳೆದು ನೋಡಿದಳು, ಅಲ್ಲಿ ಏನಾದರೂ ಬರೆದಿದೆಯೇನೋ ಎಂಬಂತೆ. ಆಮೇಲೆ ಕೈ ಬಿಟ್ಟು, "ಬಾಜೂಕ ಕುಂತಾಕಿನ್ನ ಕೇಳಲಿಲ್ಲ. ಫೋನಿಗೆ ಹೋಗಿ ಕೇಳಿದಿ" ಎಂದಳು.

"ನೀವೂ ಫೋನಿಗೇ ಹೇಳಿದ್ರಲ್ರಿ."

"ಮತ್ತ್ಯಾರಿಗೆ ಹೇಳ್ಲಿ? ಆಕಿ ಯಾರು ಅಂತ ಗೊತ್ತಿತ್ತೇನು ನನಗ?"

"ಗೊಬ್ಬೂರಿನಾಕಿಗೆ ಏನಂದಿದ್ರಿ ನೀವು? ಅದನ್ನ ಕೇಳಿದ ಮ್ಯಾಲ ನಿಮಗ ಹೆಂಗ ಹೇಳ್ಲಿ?"

ಗುರುಬಾಯಿ ಒಂದಿಷ್ಟು ಸೊಪ್ಪು ಬಿಡಿಸಿದಳು. ಕಡ್ಡಿಯನ್ನೂ ಎಲೆಯನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದಳು. "ಅಂದಿದ್ದೆ. ನಾಲ್ಕು ಮಂದಿ ಕುಂತಿದ್ರು, ಬಾಯಿಗೆ ಬಂತು, ಅಂದೆ. ನಿನ್ನಿ ಸಪ್ನಾ ಓದಿದ್ಲಲ್ಲ, ಅವಾಗ ರೊಟ್ಟಿ ಗಂಟಲಾಗ ಇಳೀಲಿಲ್ಲ. ಯಾರ ಮನಿ ಸೊಸಿನೋ ಏನೋ, ಯಾರಿಗೂ ಹೇಳಲಾರದ ಒಲಿ ಮುಂದ ಕುಂತು ರೊಟ್ಟಿ ಬಡ್ಯಾಕತ್ತಿರಬೇಕು ಅನಿಸ್ತು."

"ಬಡ್ಯಾಕತ್ತಿದ್ದೆರಿ" ಎಂದಳು ಶಾಂಭವಿ. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು.

"ಹತ್ತಿಸಿದಿ ಕೂಡ" ಎಂದು ಗುರುಬಾಯಿ ಹುಣಸೆ ಬೀಜವನ್ನು ಹಿತ್ತಲಿಗೆ ಎಸೆದಳು. "ಏಳು, ಮುಖ ತೊಳಕೋ. ಅಯ್ಯಗೋಳು ಈಗ ಮನ್ಯಾಗ ಇರ್ತಾರ."

ಗುರುಶಾಂತಯ್ಯನವರು ಪಡಸಾಲೆಯಲ್ಲಿ ಕೂತು ಮೊಮ್ಮಗಳ ಜಡೆ ಹಾಕುತ್ತಿದ್ದರು. ಮಾತೆಲ್ಲ ಗುರುಬಾಯಿಯೇ ಆಡಿದಳು. ಅವರು ಜಡೆ ಮುಗಿಸಿ ರಿಬ್ಬನ್ನು ಕಟ್ಟುವತನಕ ಕೇಳಿಸಿಕೊಂಡು, "ಎಲ್ಲಿ ಬಿತ್ತು ಅಂತ ಏನರ ನೆಪ್ಪದ ಏನವ್ವ?" ಎಂದರು.

"ಆಳಂದದಿಂದ ಇಲ್ಲೀತನ ಎಲ್ಲರ ಬಿದ್ದಿರಬೇಕ್ರಿ."

"ದಾರ್ಯಾಗ ಅದ ಅನ್ನು ಹಂಗಾರ. ಇರಲಿ, ಹೋಗೋರಿಗೆ ಬರೋರಿಗೆ ಎಲ್ಲಾರಿಗೂ ಅದು ಆಸರ ಆಗ್ತದ." ಅವರು ಎದ್ದು ಸ್ನಾನಕ್ಕೆ ಹೋದರು. ಬಂದು, ಶಾಂಭವಿಯನ್ನು ಮಣೆಯ ಮೇಲೆ ಕೂಡಿಸಿ, ಹೊಸ ಶಿವದಾರದಲ್ಲಿ ಹೊಸ ಲಿಂಗ ಕಟ್ಟಿದರು. ಕರಡಿಗೆಯ ಸಡಿಲು ಮುಚ್ಚಳವನ್ನು ಇಕ್ಕಳದಿಂದ ತಾವೇ ಬಿಗಿದು ಕೊಟ್ಟರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಗುರುಬಾಯಿ ತೊಗರಿಯ ದರದ ಬಗ್ಗೆಯೇ ಮಾತಾಡಿದಳು.

ಸೋಮವಾರ ಬಂತು. ಸಾಲಿನಲ್ಲಿ ಶಾಂಭವಿ ಅತ್ತೆಯ ಪಕ್ಕದಲ್ಲೇ ಕೂತು, ಸೆರಗು ಹಿಂದಕ್ಕೆ ಸರಿಸಿ, ಅಂಗೈ ಮುಂದೆ ಮಾಡಿದಳು. ಲಿಂಗದ ಮೇಲೆ ಬಿದ್ದ ನೀರು ಬೆರಳ ಸಂದಿಯಿಂದ ಮೊಣಕೈವರೆಗೂ ತಣ್ಣಗೆ ಹರಿದು ಬಂತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಅವತ್ತು ಮಧ್ಯಾಹ್ನ ಹೋಳಿಗೆ ಊಟಕ್ಕೆ ಕೂತಾಗ ಸಪ್ನಾ ಎಂದಿನಂತೆ ಎಡಗೈಯಲ್ಲಿ ಫೋನು ಹಿಡಿದಿದ್ದಳು. "ಯವ್ವಾ! ನೀ ಆ ಲಿಂಗದಾಕಿಗೆ ಅಷ್ಟುದ್ದ ಭಾಷಣ ಮಾಡಿದ್ಯಲ್ಲ, ಆಕಿ ಜವಾಬು ಕೊಟ್ಟಾಳ ನೋಡು."

ಗುರುಬಾಯಿ ಸೊಸೆಯ ಕಡೆ ನೋಡಿದಳು. ಸೌಟು ಹಿಡಿದು ನಿಂತಿದ್ದ ಶಾಂಭವಿ, ನಾನಲ್ಲ ಎಂದು ಸಣ್ಣಗೆ ತಲೆಯಾಡಿಸಿದಳು.

"ಓದು" ಎಂದಳು ಗುರುಬಾಯಿ.

"ಅವ್ವ ನಂದು ಕಳೆದದ್ದು ಹೋದ ಶ್ರಾವಣದಲ್ಲಿ. ಯಾರಿಗೂ ಹೇಳಿಲ್ಲ. ನಾಳೆ ಅಯ್ಯನವರ ಹತ್ತಿರ ಹೋಗುತ್ತೇನೆ." ಸಪ್ನಾ ತಲೆ ಎತ್ತಿದಳು. "ಹೋದ ಶ್ರಾವಣದಾಗ ಅಂದ್ರ ಒಂದು ವರ್ಷ ಆಯ್ತಲ್ಲ ಯವ್ವಾ! ಯಾರಿರಬಹುದು?"

"ಯಾರರ ಇರವೊಲ್ರ್ಯಾಕ, ನಿನಗ್ಯಾಕ ಬೇಕು?" ಗುರುಬಾಯಿ ಗದರಿದಳು. ಆಮೇಲೆ ದನಿ ಇಳಿಸಿ ಶಾಂಭವಿಗೆ ಹೇಳಿದಳು: "ಆ ಗೌಸಗ ಒಂದು ಫೋನ್ ಹಚ್ಚು ಬೇ. ಐಡಿ ಬದಲಿ ಮಾಡೋದು ಈ ವಾರ ಬ್ಯಾಡ ಅನ್ನು. ಆಕಿ ಹೋಗಿ ಬಂದಿದ್ದು ನಮಗ ತಿಳೀಬೇಕೋ ಬ್ಯಾಡೋ?"

ಶಾಂಭವಿ ನಗು ತಡೆದುಕೊಂಡು ಹೂಂ ಅಂದಳು. ಗುರುಬಾಯಿ ಬಲಗೈಯ ಹೋಳಿಗೆಯನ್ನು ಎಡಗೈಗೆ ದಾಟಿಸಿ, ಬೆರಳು ಸೆರಗಿಗೆ ಒರೆಸಿಕೊಂಡು, ಫೋನನ್ನು ಬಾಯಿಯ ಹತ್ತಿರ ತಂದು ಮೈಕು ಒತ್ತಿದಳು.

"ಚಲೋ ಆಯ್ತು ನಮ್ಮವ್ವ. ನಾಳಿ ಅಂತ ಅಂದು ಮತ್ತ ನಾಡದು ಅನಬ್ಯಾಡ. ಹೋಗಿ ಬಂದು ಹೇಳು. ಉಂಡು ಮಕ್ಕೋ."

"ಯವ್ವಾ, ಇನ್ನಾ ಮಧ್ಯಾಹ್ನ ಅದ" ಎಂದಳು ಸಪ್ನಾ.

"ಇರಲಿ ತಗೋ. ವರ್ಷಾತು ಮಕ್ಕೊಂಡಾಳೋ ಇಲ್ಲೋ" ಎಂದು ಗುರುಬಾಯಿ ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡಳು.